ಹಗಲು ಪಾಳಿಗಾಗಿ ಓದಿದವಳು

ರೆನಿಟಾ ಓದಲು ಕೂತದ್ದು ದೊಡ್ಡ ಹುದ್ದೆಯ ಆಸೆಗಲ್ಲ, ಹಗಲು ಪಾಳಿಯ ಆಸೆಗೆ. ಸೌದಿಯ ಉನೈಜಾ ಪಟ್ಟಣದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಅವಳು ನರ್ಸು. ವಾರ್ಡಿಗೆ ಇನ್‌ಚಾರ್ಜ್ ಆದವರಿಗೆ ರಾತ್ರಿ ಪಾಳಿ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬಂದು ಮಕ್ಕಳ ಜೊತೆ ಕೂತು ಉಣ್ಣಬಹುದು. ಆದರೆ ಮಾಸ್ಟರ್ಸ್ ಪದವಿ ಇಲ್ಲದವರನ್ನು ಆ ಕುರ್ಚಿಯ ಹತ್ತಿರವೂ ಬಿಡುವುದಿಲ್ಲ ಎಂದು ಮೇಲಿನವರು ಖಡಾಖಂಡಿತ ಹೇಳಿಬಿಟ್ಟಿದ್ದರು. ಹಾಗಾಗಿ ಕಲ್ಯಾಣಪುರದ ಈ ಹೆಣ್ಣು, ಎರಡನೆಯ ಕೂಸು ಇನ್ನೂ ಎದೆಹಾಲು ಬಿಡದಿದ್ದಾಗಲೇ, ಊರ ಕಡೆಯ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಕೋರ್ಸಿಗೆ ಸೇರಿದಳು. ಮಕ್ಕಳ ಜೊತೆ ಇರುವ ಹೊತ್ತು ಸಿಗಲೆಂದು, ಇದ್ದ ಅಷ್ಟಿಷ್ಟು ಹೊತ್ತನ್ನೂ ಅಡವಿಟ್ಟಳು.

ಗಂಡ ವಾಲ್ಟರ್ ಇರುವುದು ದೇಶದ ಆಚೆ ಮಗ್ಗುಲಲ್ಲಿ, ರಾಸ್ ಅಲ್ ಖೈರ್‌ನ ಅದಿರಿನ ಕಾರ್ಖಾನೆಯಲ್ಲಿ. ರಜೆಗಳು ಕೂಡಿಬಂದಾಗ ಮರಳುಗಾಡು ದಾಟಿ ಬರುತ್ತಾನೆ. ಬಂದವನು ಸೋಫಾದ ಮೇಲೆ ಬಿದ್ದರೆ ಮರದ ದಿಮ್ಮಿ. ಮಕ್ಕಳು ಅವನ ಹೊಟ್ಟೆಯ ಮೇಲೆ ಕಾರು ಓಡಿಸಿ ಆಡುತ್ತಾರೆ. ಉಳಿದ ದಿನಗಳಲ್ಲಿ ಅವನು ಫೋನಿನೊಳಗಿನ ಅಪ್ಪ.

"ಮಕ್ಕಳು ಹೇಗಿದ್ದಾರೆ?" ಎಂದು ಅವನು ಕೇಳಿದರೆ ರೆನಿಟಾ ಹೇಳುವಳು: "ಇಬ್ಬರೂ ಸ್ಟೇಬಲ್. ಡಿಯಾನ್ ಊಟ ಅರ್ಧ. ಡೀನಾ ಹೊಟ್ಟೆ ಕ್ಲಿಯರ್."

"ಎಂತದು ಮಾರಾಯ್ತಿ, ನಾನು ಮಕ್ಕಳ ಸುದ್ದಿ ಕೇಳಿದ್ದು, ಪೇಷೆಂಟಿನದ್ದಲ್ಲ."

ಅವನು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಕಾಲು ಮರಗಟ್ಟಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಅವಳಿಗೆ ಒಳಗೆಲ್ಲ ಹಾಗಾಗಿತ್ತು. ನೋವಿರಲಿಲ್ಲ. ಕೈ ತನ್ನಷ್ಟಕ್ಕೆ ಚಪಾತಿ ಲಟ್ಟಿಸುತ್ತಿತ್ತು, ಸೂಜಿ ಚುಚ್ಚುತ್ತಿತ್ತು, ಲ್ಯಾಪ್‌ಟಾಪಿನ ಕೀಲಿ ಒತ್ತುತ್ತಿತ್ತು. ನಾಲಿಗೆ ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಡುತ್ತಿತ್ತು. ಒಮ್ಮೆ ಎರಡನೇ ಕ್ಲಾಸಿನ ಡಿಯಾನ್ ಶಾಲೆಯ ಜಗಳವೊಂದನ್ನು ಉದ್ದಕ್ಕೆ ಹೇಳಿ ಮುಗಿಸಿ, ಅವಳ ಮುಖವನ್ನೇ ದಿಟ್ಟಿಸಿ, "ಮಮ್ಮಾ, ನಾನೀಗ ಎಂತ ಹೇಳಿದ್ದು, ಹೇಳು ನೋಡುವಾ" ಎಂದ. ಅವಳು ತಡಬಡಾಯಿಸದೆ, "ಟೀಚರ್ ಬೈದ್ರು, ಮತ್ತೆ ಸಾರಿ ಹೇಳಿದ್ರು" ಎಂದಳು. ಹುಡುಗ ಸುಮ್ಮನೆ ಎದ್ದುಹೋದ. ಅವನ ಕತೆಯಲ್ಲಿ ಟೀಚರೇ ಇರಲಿಲ್ಲ.

ಅವಳು ಡ್ಯೂಟಿಗೆ ಹೋದಾಗ, ಡ್ಯೂಟಿ ಮುಗಿಸಿ ಬಂದು ಮಲಗಿದಾಗ ಮಕ್ಕಳನ್ನು ನೋಡಿಕೊಳ್ಳುವವರು ಕೆಳಗಿನ ಮನೆಯ ಉಮ್ಮೆ ಕುಲ್ಸುಮ್. ಭಟ್ಕಳದವರು. ಗಂಡನಿಗೆ ಪೇಟೆಯಲ್ಲಿ ಬಟ್ಟೆಯಂಗಡಿ. ಗಂಡುಮಕ್ಕಳು ಬೆಳೆದು ತಮ್ಮ ತಮ್ಮ ದಾರಿ ಹಿಡಿದ ಮೇಲೆ ಆಕೆಗೆ ಕೈಯೂ ಖಾಲಿ, ಬಾಯಿಗೂ ಬಿಡುವು. ರೆನಿಟಾಳ ಕೊಂಕಣಿ, ಆಕೆಯ ನವಾಯತಿ ಅರ್ಧಕ್ಕರ್ಧ ಹೊಂದುತ್ತಿದ್ದರೂ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಅಲ್ಲ ರೆನಿಟಾ, ಆ ಲ್ಯಾಪ್‌ಟಾಪಿಗೂ ಎರಡು ತುತ್ತು ಅನ್ನ ಹಾಕು. ಮನೆಯಲ್ಲಿ ನೀನು ನೋಡಿಕೊಳ್ಳುವುದು ಅದೊಂದನ್ನೇ" ಎಂದು ಆಕೆ ಚುಚ್ಚುವರು.

"ಇನ್ನು ವೈವಾ ಒಂದು ಉಂಟು ಆಂಟಿ. ಅದಾದ್ರೆ ಮುಗೀತು."

"ನಿನ್ನ 'ಇನ್ನೊಂದು' ಕೇಳಿ ಕೇಳಿ ನನ್ನ ತಲೆ ನರೆಯಿತು."

ಈ ಸಲದ 'ಇನ್ನೊಂದು' ಮಾತ್ರ ನಿಜವಾಗಿಯೂ ಕೊನೆಯದು. ಪ್ರಬಂಧ ಒಪ್ಪಿಸಿಯಾಗಿತ್ತು. ಉಳಿದದ್ದು ಪ್ರಾಧ್ಯಾಪಕರ ಮುಂದೆ ಆನ್‌ಲೈನಿನಲ್ಲಿ ಕೂತು ಮೌಖಿಕ ಪರೀಕ್ಷೆ ಕೊಡುವುದು. ಡ್ಯೂಟಿಯ ತಾಪತ್ರಯದಿಂದ ಅವಳು ಅದನ್ನು ಈಗಾಗಲೇ ಮುಂದೂಡಿಸಿಕೊಂಡಿದ್ದಳು. ಇನ್ನು ತಪ್ಪಿದರೆ ನೋಂದಣಿ ರದ್ದು, ಮೊದಲಿನಿಂದ ಶುರು ಎಂದು ವಿಶ್ವವಿದ್ಯಾಲಯ ತಾಕೀತು ಮಾಡಿತ್ತು. ಆ ಕಡೆ ವಾರ್ಡಿನ ಹಳೆಯ ಇನ್‌ಚಾರ್ಜ್ ಊರಿಗೆ ಹೊರಟಿದ್ದಳು. ಇವಳಿಗೆ ಪದವಿ ಸಿಕ್ಕಿದರೆ ಕುರ್ಚಿ ಇವಳದು.

ವೈವಾದ ದಿನ ಬೆಳಿಗ್ಗೆ ರೆನಿಟಾ ರಾತ್ರಿ ಪಾಳಿ ಮುಗಿಸಿ ಬಂದಳು. ಆ ಕಸೀಮ್ ಪ್ರಾಂತ್ಯದ ಚಳಿ ಎಲುಬಿಗೆ ಇಳಿಯುವಂಥದ್ದು. ಡಿಯಾನನನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಕುಲ್ಸುಮ್ ಅವರ ಮನೆಯಲ್ಲಿ ಇನ್ನೂ ಮಲಗಿದ್ದ ಡೀನಾಳನ್ನು ಬಾಗಿಲಿನಿಂದಲೇ ಇಣುಕಿ ನೋಡಿ, ಮೇಲೆ ಹೋಗಿ ಅಡ್ಡಾದಳು. ಎದ್ದು ಮುಖ ತೊಳೆದು, ಒಳ್ಳೆಯ ಚೂಡಿದಾರ ಹಾಕಿಕೊಂಡು ಪುಟ ತಿರುವುತ್ತಿರುವಾಗ ಕೆಳಗಿನಿಂದ ಕೂಗು ಕೇಳಿತು.

"ರೆನಿಟಾ, ಬೇಗ ಬಾ! ಮಗು ಕೆಂಡ ಆಗಿದೆ. ಕರೆದರೆ ಕಣ್ಣು ಬಿಡುವುದಿಲ್ಲ."

ಮೂರು ತುಂಬದ ಡೀನಾ ಒದ್ದೆ ಬಟ್ಟೆಯ ಹಾಗೆ ಹೆಗಲ ಮೇಲೆ ಜೋತುಬಿದ್ದಳು. ಡಿಯಾನ್ ಬರುವ ಹೊತ್ತಾದ್ದರಿಂದ ಕುಲ್ಸುಮ್ ಮನೆಯಲ್ಲೇ ಉಳಿದರು. ಅವರು ಏನೋ ಹೇಳುತ್ತಿದ್ದರು. ಅದು ಮುಗಿಯುವ ಮೊದಲೇ ರೆನಿಟಾ ಅಬಾಯಾ ಏರಿಸಿಕೊಂಡು ಟ್ಯಾಕ್ಸಿ ಹತ್ತಿಯಾಗಿತ್ತು.

ತನ್ನದೇ ಆಸ್ಪತ್ರೆ. ತುರ್ತು ಚಿಕಿತ್ಸೆಯಲ್ಲಿ ಜನವೋ ಜನ. ಎದುರಾದವಳು ದುಆ, ಊರಿನದೇ ಸೌದಿ ಹುಡುಗಿ, ಹೊಸ ನರ್ಸು. ಅವಳಿಗೆ ಕೆಲಸ ಕಲಿಸಿದವಳು ರೆನಿಟಾಳೇ. "ತಾಯಿಯನ್ನು ನಾಲ್ಕು ಮಾತು ಸರಿಯಾಗಿ ಕೇಳು, ಅರ್ಧ ಕಾಯಿಲೆ ಅಲ್ಲೇ ಸಿಕ್ಕಿಬಿಡ್ತದೆ" ಎಂದು ಅವಳ ತಲೆಗೆ ತುಂಬಿಸಿದ್ದಳು. ಉತ್ತರ ತಿಳಿಯದೆ ಮಿಕಮಿಕ ನೋಡುವ ತಾಯಂದಿರನ್ನು ಅವಳ ಎದುರಿಗೇ ಗದರಿಸಿದ್ದೂ ಉಂಟು.

ದುಆ ಕಲಿತದ್ದನ್ನು ಕಲಿತ ಹಾಗೆಯೇ ಕೇಳಿದಳು. "ಜ್ವರ ಯಾವಾಗಿನಿಂದ ಸಿಸ್ಟರ್? ಏನು ತಿಂದಿದ್ದಾಳೆ? ವಾಂತಿ? ಮೂತ್ರ? ಔಷಧಿ ಏನಾದರೂ?"

ರೆನಿಟಾಳ ನಾಲಿಗೆ ಎಂದಿನಂತೆ ತಾನಾಗಿ ಹೊರಳಿತು. "ಮಧ್ಯಾಹ್ನದಿಂದ ಜ್ವರ. ಬೆಳಿಗ್ಗೆ ಹಾಲು, ಸ್ವಲ್ಪ ಬ್ರೆಡ್ಡು. ವಾಂತಿ ಇಲ್ಲ. ಮೂತ್ರ ಸರಿಯಾಗಿ ಹೋಗಿದೆ. ಔಷಧಿ ಕೊಟ್ಟಿಲ್ಲ."

ಪಾಳಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವ ಅದೇ ಧಾಟಿ, ಅದೇ ಏರಿಳಿತ. ಒಂದು ಮಾತೂ ಅವಳು ಕಂಡದ್ದಲ್ಲ.

"ಮಾಶಾ ಅಲ್ಲಾ, ಎಲ್ಲ ತಾಯಂದಿರೂ ಹೀಗೆ ಹೇಳಿದರೆ ನಮಗೆಷ್ಟು ಸುಲಭ" ಎಂದು ದುಆ ಬರೆದುಕೊಂಡಳು. ಡಾಕ್ಟರ್ ಸಫ್ವಾನ್ ಅವಸರದಲ್ಲಿ ಬಂದು, ಹೇಳುತ್ತಿರುವವಳು ರೆನಿಟಾ ಎಂದು ಕಂಡು, ಮತ್ತೇನೂ ಕೆದಕಲಿಲ್ಲ. ಜ್ವರ ಇಳಿಯಲು ಔಷಧಿ ಕೊಡಿಸಿ, ಮಲಗಿರಲಿ, ಆಮೇಲೆ ನೋಡೋಣ ಎಂದು ಪಕ್ಕದ ಮಂಚಕ್ಕೆ ಹೋದ.

ರೆನಿಟಾ ಗಡಿಯಾರದ ಕಡೆ ಕಣ್ಣು ಹಾಯಿಸಿದ್ದನ್ನು ದುಆ ನೋಡಿದಳು. "ಇವತ್ತೇ ಅಲ್ಲವಾ ನಿಮ್ಮ ಪರೀಕ್ಷೆ? ಹೋಗಿ ಸಿಸ್ಟರ್, ಯಲ್ಲಾ! ನಾನು ಇಲ್ಲೇ ಇರುತ್ತೇನೆ."

ರೆನಿಟಾ ಹೋದಳು. ಬೇರೆಯವರ ಮಗುವನ್ನು ಬಿಟ್ಟುಹೋಗುವಷ್ಟೇ ಸಲೀಸಾಗಿ ಹೋದಳು. ನರ್ಸುಗಳ ಕೋಣೆಯಲ್ಲಿ ಫೋನನ್ನು ಲೋಟಕ್ಕೆ ಒರಗಿಸಿ, ಕುರ್ಚಿ ಎಳೆದು ಕೂತಳು. 'ದಯವಿಟ್ಟು ಕಾಯಿರಿ' ಎಂಬ ಅಕ್ಷರ ಮೂಡಿತು. ಆಗಲೇ ಕುಲ್ಸುಮ್ ಕರೆ ಮಾಡಿದರು.

"ಎಲ್ಲಾ ಹೇಳಿದೆಯಾ ಡಾಕ್ಟರಿಗೆ? ನೀನು ನನ್ನ ಬಾಯಿಯಿಂದ ಪೂರ್ತಿ ಕೇಳದೆ ಓಡಿದೆಯಲ್ಲ. ನಿನ್ನೆ ರಾತ್ರಿಯೇ ಬಿಸಿ ಇತ್ತು. ನೀನು ಡ್ಯೂಟಿಯಲ್ಲಿ, ಫೋನ್ ಎತ್ತಲಿಲ್ಲ. ಬೆಳಿಗ್ಗೆ ಹೇಳೋಣವೆಂದರೆ ಬಾಗಿಲಿನಿಂದಲೇ ಇಣುಕಿ ಹೋದೆ, ಮತ್ತೆ ನಿನ್ನ ನಿದ್ದೆ ಕೆಡಿಸುವುದು ಬೇಡವೆಂದುಕೊಂಡೆ. ಬೆಳಿಗ್ಗೆಯಿಂದ ಕುಡಿದದ್ದೆಲ್ಲ ಕಾರಿದ್ದಾಳೆ. ನಾನು ಜ್ವರದ ಸಿರಪ್ ಹಾಕಿದ್ದು ಒಳಗೆ ಉಳಿಯಿತೋ ಇಲ್ಲವೋ. ಮತ್ತೊಮ್ಮೆ ಹಾಕಿದೆ. ಉಚ್ಚೆ ಅಂತೂ ಬೆಳಿಗ್ಗೆಯಿಂದ ಒಂದು ಹನಿ ಇಲ್ಲ. ಅದನ್ನು ಹೇಳಿದೆಯಾ?"

ರೆನಿಟಾ ಬಾಗಿಲ ಕಡೆ ತಿರುಗಿದಳು.

"ಹಲೋ? ಹೇಳಿದೆಯಾ ಇಲ್ಲವಾ, ಬಾಯಿ ಬಿಡು!"

"ಇಲ್ಲ ಆಂಟಿ" ಎಂದಳು. ತಾನು ಹೇಳಿದ್ದೇನು ಎನ್ನುವುದು ಆಗ ಅವಳಿಗೇ ಕೇಳಿಸಿತು. ಮೂತ್ರ ಸರಿಯಾಗಿ ಹೋಗಿದೆ. ಅಷ್ಟು ಚಂದದ ಸುಳ್ಳು ಬೇಕೆಂದು ಹೇಳಿದ್ದರೂ ಬರುತ್ತಿರಲಿಲ್ಲ.

ಕರೆ ಕಡಿದಾಗ ಪರದೆಯ ಮೇಲೆ ಇಬ್ಬರು ಪ್ರಾಧ್ಯಾಪಕರು ಮೂಡಿದ್ದರು. "ನಮಸ್ಕಾರ, ಶುರು ಮಾಡೋಣವೇ?" ಎಂದರು ಒಬ್ಬರು. ರೆನಿಟಾ ಎದ್ದುಬಿಟ್ಟಳು. ಕ್ಷಮಿಸಿ ಎನ್ನಲೂ ತೋಚಲಿಲ್ಲ. ಫೋನು ಲೋಟಕ್ಕೆ ಒರಗಿಯೇ ಇತ್ತು. ಖಾಲಿ ಕುರ್ಚಿಯ ಮುಂದೆ ಅವರು ಅವಳ ಹೆಸರು ಕೂಗುತ್ತಲೇ ಇದ್ದರು.

ದುಆ ಡೀನಾಳ ಹಣೆ ಒರೆಸುತ್ತಿದ್ದಳು. ರೆನಿಟಾ ಅವಳ ಮುಂದೆ ನಿಂತು, ಬಾಯಿಪಾಠ ಮರೆತ ಶಾಲೆಯ ಹುಡುಗಿಯ ಹಾಗೆ ತೊದಲಿದಳು. "ನಾನು ಹೇಳಿದ್ದು ಯಾವುದೂ ನಿಜವಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಬಿಟ್ಟು ಏನೇನೋ ಹೇಳಿದೆ. ಬೆಳಿಗ್ಗೆಯಿಂದ ವಾಂತಿಯಂತೆ. ಮೂತ್ರ ಹೋಗಿಲ್ಲ. ಔಷಧಿ ಎರಡು ಸಲ ಬಿದ್ದಿದೆ."

ದುಆ ಅವಳನ್ನು ನೋಡಿದ ನೋಟ ರೆನಿಟಾಳಿಗೆ ಗುರುತಿನದು. ತಾನೇ ಕಲಿಸಿದ್ದು. ಆದರೆ ಹುಡುಗಿ ಗದರಿಸಲಿಲ್ಲ. ಬರೆದದ್ದಕ್ಕೆ ಗೀಟು ಹಾಕಿ ಡಾಕ್ಟರನ್ನು ಕೂಗಿದಳು. ಸಫ್ವಾನ್ ಮಗುವಿನ ನಾಲಿಗೆ ನೋಡಿದ, ಮೈಯ ನೀರು ಆರಿದೆಯೇ ಎಂದು ಹೊಟ್ಟೆಯ ಚರ್ಮ ಚಿವುಟಿ ಬಿಟ್ಟ, ರೆನಿಟಾಳ ಕಡೆ ತಿರುಗದೆಯೇ ಡ್ರಿಪ್ ಎಂದ. ಒಣಗಿದ ಪುಟ್ಟ ಕೈಯಲ್ಲಿ ನರ ಸಿಗಲಿಲ್ಲ. ದುಆ ಪಾದದ ಮೇಲೆ, ಮೊಣಕೈಯಲ್ಲಿ ಹುಡುಕಿದಳು. ಇಂಥದ್ದರಲ್ಲಿ ಎತ್ತಿದ ಕೈ ರೆನಿಟಾಳದು. ಆದರೆ ಯಾರೂ ಸೂಜಿಯನ್ನು ಅವಳ ಕೈಗೆ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಬೇರೆ ತಾಯಂದಿರ ಹಾಗೆ ಮಗುವಿನ ಕಾಲು ಹಿಡಿದುಕೊಂಡು ನಿಂತಳು.

ಡ್ರಿಪ್ ಹನಿಯತೊಡಗಿದ ಮೇಲೆ ಡೀನಾಳನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಫೋನನ್ನು ಯಾರೋ ತಂದುಕೊಟ್ಟರು. ವಿಶ್ವವಿದ್ಯಾಲಯದ ಮೇಲ್ ಬಂದಿತ್ತು. ಗೈರುಹಾಜರಿ, ನೋಂದಣಿ ರದ್ದು. ವಾಲ್ಟರ್ ಕರೆ ಮಾಡಿದ.

"ಹೇಗಾಯ್ತು ವೈವಾ?"

"ಆಗ್ಲಿಲ್ಲ. ಡೀನಾ ಎಮರ್ಜೆನ್ಸಿಯಲ್ಲಿದ್ದಾಳೆ."

"ದೇವರೇ! ಹೇಗಿದ್ದಾಳೆ?"

"ಗೊತ್ತಿಲ್ಲ ವಾಲ್ಟರ್. ಕಾಯ್ತಾ ಇದ್ದೇನೆ."

"ನಾನು ಹೊರಡ್ತೇನೆ" ಎಂದ ಅವನು.

ಪದವಿ ಹೋಯಿತು, ಕುರ್ಚಿ ಹೋಯಿತು, ಮುಂದಿನ ವಾರ ಮತ್ತೆ ರಾತ್ರಿ ಪಾಳಿ. ಅವಳು ಒಂದೊಂದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ನೋಡಿದಳು. ಯಾವುದೂ ತಾಗಲಿಲ್ಲ. ಬಾಟಲಿ ಅರ್ಧ ಇಳಿಯಿತು. ಆಚೆ ಮಂಚದ ಕೂಸು ಅತ್ತು ಅತ್ತು ಮಲಗಿತು. ದುಆ ಎರಡು ಸಲ ಬಂದು, "ಮೂತ್ರ ಹೋಯಿತಾ?" ಎಂದು ಕೇಳಿದಳು. ಎರಡು ಸಲವೂ ರೆನಿಟಾ ಇಲ್ಲವೆಂದು ತಲೆಯಾಡಿಸಿದಳು.

ಆಮೇಲೆ ತೊಡೆಯ ಮೇಲೆ ಏನೋ ಬೆಚ್ಚಗಾಯಿತು. ಬೆಚ್ಚಗಿನದು ಹರಡಿತು, ಅಬಾಯಾ, ಒಳ್ಳೆಯ ಚೂಡಿದಾರ ದಾಟಿ ಚರ್ಮಕ್ಕೆ ಮುಟ್ಟಿತು, ಮೊಣಕಾಲಿನಿಂದ ಇಳಿದು ಚಪ್ಪಲಿಯೊಳಗೆ ತೊಟ್ಟಿಕ್ಕಿತು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎಲ್ಲಿದ್ದೇನೆ, ಯಾವ ಭಾಷೆ ಆಡಬೇಕು ಎನ್ನುವುದೆಲ್ಲ ಮರೆತು, "ದುಆ! ಉಚ್ಚೆ ಹೊಯ್ದಳು! ಹೊಯ್ದಳು ನೋಡು!" ಎಂದು ಕೂಗಿದಳು.

ದುಆ ಓಡಿಬಂದಳು. ನೆಲ ನೋಡಿ, ನಕ್ಕು, "ಅಲ್ಹಮ್ದುಲಿಲ್ಲಾ" ಎಂದು ಬರೆದುಕೊಂಡಳು. "ಬಟ್ಟೆ ಕೊಡುತ್ತೇನೆ, ಬದಲಾಯಿಸಿಕೊಳ್ಳಿ ಸಿಸ್ಟರ್."

"ಸ್ವಲ್ಪ ಇರಲಿ" ಎಂದಳು ರೆನಿಟಾ. ಒದ್ದೆ ಆರಿ ತಣ್ಣಗಾಗುವವರೆಗೂ ಅವಳು ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ.