ಬೆರಳಲ್ಲೇ ಬಿಟ್ಟ ಬೋಲ್ಟು

ಹೆತ್ತವರು ಇಟ್ಟ ಹೆಸರು ನನ್ನ ತಮ್ಮನಿಗೇ ಮರೆತುಹೋಗಿರಬೇಕು. ಗ್ಯಾರೇಜಿನಲ್ಲಿ, ಬೀದಿಯಲ್ಲಿ, ಕೊನೆಗೆ ನನ್ನ ಬಾಯಲ್ಲೂ ಅವನು ಆಯ್ತಣ್ಣ. ಯಾರು ಏನು ಕೆಲಸ ಹೇಳಿದರೂ ಅವರ ಮಾತು ಮುಗಿಯುವ ಮೊದಲೇ ‘ಆಯ್ತು’ ಅನ್ನುತ್ತಾನೆ. ಕ್ಲಚ್ ನೋಡಪ್ಪಾ ಎಂದರೆ ಆಯ್ತು. ಬರುವಾಗ ಹಾಲು ತಗೊಂಡು ಬಾರೋ ಎಂದರೆ ಆಯ್ತು. ಮದುವೆ ಮಾಡಿಕೊಳ್ಳೋ, ಕೂದಲು ನರೆಯುತ್ತಿದೆ ಎಂದರೂ ಆಯ್ತು ಎಂದ. ಅದೊಂದು ಮಾತ್ರ ಇವತ್ತಿಗೂ ಆಗಿಲ್ಲ. ಹಾಗಾಗಿ ನನ್ನ ಮನೆಯಲ್ಲೇ ಇದ್ದಾನೆ. ನಾನೇ ಬಡಿಸುತ್ತೇನೆ, ನಾನೇ ಬೈಯುತ್ತೇನೆ.

ನನ್ನದು ಹೊಲಿಗೆ ಅಂಗಡಿ, ಅವನು ಕೆಲಸ ಮಾಡುವ ಗ್ಯಾರೇಜಿನ ಎದುರಿಗೇ. ಮಷಿನ್ನನ್ನು ಬಾಗಿಲಿಗೆ ಮುಖ ಮಾಡಿ ಇಟ್ಟಿದ್ದೇನೆ, ಬೆಳಕು ಚೆನ್ನಾಗಿ ಬರುತ್ತದೆ ಎಂದು. ಜನ ಬೇರೆ ಕಾರಣ ಹೇಳುತ್ತಾರೆ, ಹೇಳಿಕೊಳ್ಳಲಿ. ಅಲ್ಲಿ ಕುಳಿತರೆ ಗ್ಯಾರೇಜಿನ ಒಳಗಿನದೆಲ್ಲ ಕಾಣುತ್ತದೆ: ಮಸಿ ಹಿಡಿದ ಗೋಡೆ, ಸಾಲಾಗಿ ನೇತುಹಾಕಿದ ಸ್ಪ್ಯಾನರ್‌ಗಳು, ನೆಲದಲ್ಲಿ ಅಗೆದ ಉದ್ದನೆಯ ಗುಂಡಿ. ಕಾರನ್ನು ಆ ಗುಂಡಿಯ ಮೇಲೆ ನಿಲ್ಲಿಸಿ, ಒಬ್ಬ ಒಳಗಿಳಿದು ಅಡಿಭಾಗದ ಕೆಲಸ ಮಾಡುತ್ತಾನೆ. ನನ್ನ ತಮ್ಮನ ಅರ್ಧ ಆಯಸ್ಸು ಆ ಗುಂಡಿಯಲ್ಲೇ ಕಳೆದಿದೆ.

ಎಂಜಿನ್ ಆಯಿಲ್ ಬದಲಿಸಲು ಅಲ್ಲಿ ಇಬ್ಬರು ನಿಲ್ಲುತ್ತಾರೆ. ಗುಂಡಿಯಲ್ಲಿರುವವನು ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಬೋಲ್ಟು ಬಿಚ್ಚಿ ಹಳೆಯ ಆಯಿಲ್ ಇಳಿಸಬೇಕು, ಮತ್ತೆ ಬೋಲ್ಟು ಹಾಕಿ ಸ್ಪ್ಯಾನರಿನಲ್ಲಿ ಬಿಗಿ ಮಾಡಿ ‘ಆಯ್ತು’ ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆ ಮೇಲಿನವನು ಹೊಸ ಆಯಿಲ್ ಸುರಿಯಬೇಕು. ನನ್ನ ತಮ್ಮ ಇದರಲ್ಲೊಂದು ಚಾಲಾಕಿತನ ಕಂಡುಕೊಂಡಿದ್ದ. ಬೋಲ್ಟನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ ‘ಆಯ್ತು’ ಎಂದುಬಿಡುವುದು. ಮೇಲಿನವನು ಸುರಿಯುತ್ತಿರುವಾಗ ನಿಧಾನವಾಗಿ ಸ್ಪ್ಯಾನರ್ ಹಾಕುವುದು. ಒಂದೊಂದು ಕಾರಿಗೂ ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಕೈ ಅಂದರೆ ಆಯ್ತಣ್ಣನ ಕೈ ಎಂದು ಮಾಲೀಕರು ಗಿರಾಕಿಗಳೆದುರು ಹೊಗಳುತ್ತಿದ್ದರು, ಇವನು ಹಿಗ್ಗುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು, ಏನೂ ಆಗಲಿಲ್ಲ.

ಟೀಚರಮ್ಮ ಆ ಗ್ಯಾರೇಜಿಗೂ ಗಿರಾಕಿ, ನನಗೂ ಗಿರಾಕಿ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡಾಗ, ಇನ್ನು ಓಡಿಸುವವರು ಯಾರು, ಕಾರು ಮಾರೋಣ ಎಂದು ಮಗ ಹೇಳಿದನಂತೆ. ಈಕೆ ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಪರೀಕ್ಷೆಯಲ್ಲಿ ಫೇಲಾಗಿ, ಮತ್ತೆ ಹೋಗಿ ಪಾಸಾಗಿ, ಲೈಸೆನ್ಸ್ ತಂದು ಮಗನ ಕೈಗಿಟ್ಟರು. ಮೂಗಿನ ಮೇಲೆ ಬೆರಳಿಟ್ಟವರೆಲ್ಲ ಆಮೇಲೆ ಬಾಯಿ ಮುಚ್ಚಿಕೊಂಡರು. ಊರಿನ ಆ ಕೊನೆಯಲ್ಲಿ ಟೀಚರಮ್ಮನ ತಂಗಿ ಇದ್ದಾರೆ, ಕಾಲು ಸ್ವಾಧೀನವಿಲ್ಲದವರು. ವಾರಕ್ಕೊಮ್ಮೆ ಈಕೆ ಹೋಗಿ ತಂಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ನದಿಯ ಕಡೆಗೋ ಮಾರ್ಕೆಟ್ಟಿನ ಕಡೆಗೋ ಸುತ್ತಿಸುತ್ತಿದ್ದರು. ತಂಗಿ ಹೊಸಿಲು ದಾಟುತ್ತಿದ್ದದ್ದು ಅದೊಂದು ದಿನವೇ. ಅಂಥ ಕಾರನ್ನು ನನ್ನ ತಮ್ಮನ ಹೊರತು ಬೇರೆ ಯಾರ ಕೈಗೂ ಅವರು ಕೊಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಯಿಲ್ ಬದಲಿಸಲು ಗಾಡಿ ಬಿಟ್ಟುಹೋದರು, ಸಂಜೆ ಬಂದು ತಗೊಂಡು ಹೋದರು. ವಾರ ಕಳೆಯುವುದರೊಳಗೆ ಅದೇ ಗಾಡಿ ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ತಂಗಿಯ ಮನೆಗೆ ಹೋಗುವ ದಾರಿಯಲ್ಲಿ, ದೊಡ್ಡ ಸೇತುವೆಯ ಮೇಲೆ, ಸ್ಟಿಯರಿಂಗಿನ ಹಿಂದೆ ಆಯಿಲ್ಲಿನ ಕೆಂಪು ದೀಪ ಹತ್ತಿಕೊಂಡಿತಂತೆ. ನಿಲ್ಲಿಸಲು ಜಾಗವಿಲ್ಲ, ಹಿಂದೆ ಲಾರಿ. ಸೇತುವೆ ಇಳಿದು ಪಕ್ಕಕ್ಕೆ ಹಾಕುವಷ್ಟರಲ್ಲಿ ಎಂಜಿನ್ ಕಟಕಟ ಎಂದು ನಿಂತೇಹೋಯಿತು. ಗ್ಯಾರೇಜಿನಲ್ಲಿ ಕೆಳಗಿಳಿದು ನೋಡಿದರೆ ಚೇಂಬರಿನಲ್ಲಿ ಬೋಲ್ಟೇ ಇಲ್ಲ, ತೊಟ್ಟು ಆಯಿಲ್ ಇಲ್ಲ. ಎಂಜಿನ್ ಸುಟ್ಟು ಹಿಡಿದುಕೊಂಡಿತ್ತು, ಇನ್ನು ಕೆಲಸಕ್ಕೆ ಬರುವ ಹಾಗಿರಲಿಲ್ಲ.

ಮಾಲೀಕರು ಗಟ್ಟಿ ಗಂಟಲಿನವರು, ಅವರ ಮಾತೆಲ್ಲ ನನ್ನ ಅಂಗಡಿಗೆ ಕೇಳುತ್ತಿತ್ತು. ಎಲ್ಲೋ ಕಲ್ಲು ಬಡಿದು ಬೋಲ್ಟು ಹಾರಿಹೋಗಿದೆ, ದೀಪ ಯಾವಾಗಲೋ ಹತ್ತಿದೆ, ಅಮ್ಮ ನೋಡಿಲ್ಲ, ಆಗಲೇ ನಿಲ್ಲಿಸಿದ್ದರೆ ಎಂಜಿನ್ ಉಳಿಯುತ್ತಿತ್ತು ಎಂದರು. ಹತ್ತಿದ ಕೂಡಲೇ ನೋಡಿದೆ ಎಂದು ಟೀಚರಮ್ಮ ಹೇಳುತ್ತಲೇ ಇದ್ದರು. ಜೊತೆಗೆ ಬಂದಿದ್ದ ಮಗ, ಆಯ್ತು ಬಿಡಮ್ಮಾ, ಈ ವಯಸ್ಸಲ್ಲಿ ಇದೆಲ್ಲ ಆಗುತ್ತೆ ಎಂದು ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ. ಅಷ್ಟು ಸಲೀಸಾಗಿ ಅವರ ತಲೆಯ ಮೇಲೆ ಗೂಬೆ ಕೂರಿಸಿದರು. ನನ್ನ ತಮ್ಮ ಹಿಂದೆ ನಿಂತು ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ತುಂಬ ಹೊತ್ತು ಒರೆಸಿಕೊಂಡ.

ಆಮೇಲೆ ಅವನು ಸರಿಯಿರಲಿಲ್ಲ. ಅನ್ನದ ಮುಂದೆ ಕುಳಿತರೆ ಕಲಸುತ್ತಾ ಕೂರುವುದು, ಕರೆದರೆ ಬೆಚ್ಚಿಬೀಳುವುದು. ನಾನು ಜ್ವರವೇನೋ ಎಂದುಕೊಂಡು ಹಣೆ ಮುಟ್ಟಿ ನೋಡಿದೆ. ಕೈ ತಳ್ಳಿದ. ಆಯ್ತು ಎನ್ನುವ ಮಾತೂ ಕಡಿಮೆಯಾಯಿತು. ಯಾವಳೋ ಹುಡುಗಿ ಕೈಕೊಟ್ಟಿರಬೇಕು ಎಂದು ನಾನು ಒಳಗೊಳಗೇ ಸಂತೋಷಪಟ್ಟದ್ದೂ ಉಂಟು, ಕೈಕೊಡುವುದಕ್ಕಾದರೂ ಒಬ್ಬಳು ಇದ್ದಳಲ್ಲ ಎಂದು.

ಹೀಗಿರುವಾಗ ಟೀಚರಮ್ಮ ಕಿಟಕಿ ಪರದೆ ಹೊಲಿಸಲು ನನ್ನ ಅಂಗಡಿಗೆ ಬಂದರು. ಆಟೋದಲ್ಲಿ ಬಂದಿದ್ದರು. ಅಳತೆ ಹೇಳಿದರು, ಮತ್ತೆ ಹೇಳಿದರು, ಆಮೇಲೆ ಬಟ್ಟೆಯನ್ನು ತಾವೇ ಟೇಪಿನಲ್ಲಿ ಅಳೆದು, ಸರಿಯಾಗಿದೆಯಾ ನೀನೇ ನೋಡಮ್ಮಾ ಎಂದು ನನ್ನ ಕೈಗೆ ಕೊಟ್ಟರು. ಊರಿನ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದವರು ಹೊಲಿಗೆಯವಳ ಹತ್ತಿರ ಅಳತೆ ಸರಿಯಾ ಎಂದು ಕೇಳುತ್ತಿದ್ದರು. ಬಟ್ಟೆಯನ್ನು ಪಕ್ಕಕ್ಕಿಟ್ಟೆ. ಯಾಕೆ ಟೀಚರಮ್ಮಾ ಹೀಗೆ ಎಂದೆ.

“ಕಣ್ಣು ತೋರಿಸ್ಕೊಂಡು ಬಂದೆ ಕಣಮ್ಮಾ. ಕಣ್ಣು ಚೆನ್ನಾಗಿದೆ ಅಂದ್ರು ಡಾಕ್ಟ್ರು,” ಎಂದರು. “ನಾನು ದೀಪ ನೋಡಿದ್ದೆ ಅಂತಾನೇ ನೆನಪು. ಎಲ್ರೂ ಇಲ್ಲ ಅಂತಾರೆ. ಹಾಗಾದ್ರೆ ಹೋಗಿರೋದು ಕಣ್ಣಲ್ಲ, ತಲೆ.”

ಸೊಸೆ ಈಗ ಗ್ಯಾಸ್ ಹತ್ತಿಸಲು ಬಿಡುವುದಿಲ್ಲವಂತೆ. ಬೀಗ ಹಾಕಿದೆನೋ ಇಲ್ಲವೋ ಎಂದು ಇವರೇ ಅರ್ಧ ದಾರಿಯಿಂದ ವಾಪಸು ಹೋಗುತ್ತಾರಂತೆ. ತಂಗಿಗೆ ಮಾತ್ರ ನಿಜ ಹೇಳಿಲ್ಲ. ಗಾಡಿ ರಿಪೇರಿಯಲ್ಲಿದೆ, ಬರ್ತೀನಿ ಎಂದು ಫೋನಿನಲ್ಲಿ ಸಾಗಹಾಕುತ್ತಿದ್ದಾರೆ. ಗಾಡಿಯನ್ನು ಗುಜರಿಗೆ ಹಾಕಲು ಮಗ ಗಿರಾಕಿ ಹುಡುಕುತ್ತಿದ್ದ. ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಅವರೂ ಒಪ್ಪಿಕೊಂಡಿದ್ದರು.

ಅವತ್ತು ಮಧ್ಯಾಹ್ನ ತಮ್ಮ ಊಟಕ್ಕೆ ಬಂದಾಗ ಇದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅವನ ಮುಖ ನೋಡಿದೆ. ತುತ್ತು ಕೈಯಲ್ಲೇ ಇತ್ತು.

“ಅಕ್ಕಾ, ಆ ಬೋಲ್ಟ್ ನಾನು ಬಿಗಿ ಮಾಡಿಲ್ಲ,” ಎಂದ.

ಬೆರಳಲ್ಲಿ ತಿರುಗಿಸಿ ಆಯ್ತು ಎಂದಿದ್ದಾನೆ. ಅಷ್ಟರಲ್ಲಿ ಪಕ್ಕದ ಗಾಡಿಯ ಗೇರ್‌ಬಾಕ್ಸ್ ಇಳಿಸುವಾಗ ಕೈಜಾರುತ್ತಿದೆ, ಬಂದು ಹಿಡಿ ಎಂದು ಮಾಲೀಕರು ಕೂಗಿದ್ದಾರೆ. ಗುಂಡಿಯಿಂದ ಮೇಲೆ ಬಂದವನು ಮತ್ತೆ ಕೆಳಗಿಳಿಯಲಿಲ್ಲ. ಮೇಲಿನವನು ಆಯಿಲ್ ಸುರಿದ, ಮುಚ್ಚಳ ಹಾಕಿದ, ಗಾಡಿ ಹೊರಗೆ ಹೋಯಿತು. ಓಡಾಟದ ಅದುರಿಗೆ ಬೋಲ್ಟು ದಿನದಿನಕ್ಕೆ ಸಡಿಲವಾಗಿ ಕೊನೆಗೆ ಉದುರಿದೆ. ಎಂಜಿನ್ ಹಿಡಿದ ಗಾಡಿ ವಾಪಸು ಬಂದ ದಿನವೇ ಇವನು ಚೇಂಬರ್ ಸವರಿ ನೋಡಿದ್ದಾನೆ. ಕಲ್ಲು ಬಡಿದ ಗುರುತಿಲ್ಲ, ಒಂದು ಗೀರಿಲ್ಲ. ಮಾಲೀಕರಿಗೆ ಹೇಳಿದರೆ, ಬಾಯಿ ಬಿಟ್ಟರೆ ಗ್ಯಾರೇಜಿಗೆ ಬಾಗಿಲು ಹಾಕಬೇಕಾಗುತ್ತದೆ, ನಿನ್ನ ಪಾಡಿಗೆ ಕೆಲಸ ನೋಡು ಎಂದರಂತೆ. ಇವನು ಅದಕ್ಕೂ ಆಯ್ತು ಎಂದಿದ್ದಾನೆ.

ನನಗೆ ಮೈ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಮರೆತದ್ದಕ್ಕೆ ಬೈಯಲಿಲ್ಲ, ಕೈಯಿಂದ ಮಾಡುವ ಕೆಲಸದಲ್ಲಿ ಮರೆವು ಬರುತ್ತದೆ, ನಾನೂ ಎಷ್ಟೋ ತೋಳು ತಿರುಗಾಮುರುಗಾ ಹೊಲಿದಿದ್ದೇನೆ. ಒಬ್ಬರು ತಮ್ಮ ತಲೆಯೇ ಕೆಟ್ಟಿದೆ ಎಂದು ನಂಬುವ ತನಕ ಸುಮ್ಮನೆ ನೋಡುತ್ತಿದ್ದನಲ್ಲ, ಅದಕ್ಕೆ ಬೈದೆ. ಅವನು ತಲೆ ಎತ್ತಲಿಲ್ಲ. ನಾನು ಉಸಿರು ತಗೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಮಾತಾಡಿದ.

“ಹೇಳ್ಬೇಕು ಅಂತ ಒಂದಿನ ಅವರ ಮನೇಗೆ ಹೋಗಿದ್ದೆ ಅಕ್ಕಾ. ಕೂರ್ಸಿ ಚಹಾ ಕೊಟ್ರು. ನೀನು ಅಷ್ಟು ಚೆನ್ನಾಗಿ ನೋಡ್ಕೊಂಡ ಗಾಡೀನ ನಾನು ಹಾಳು ಮಾಡ್ಬಿಟ್ನಲ್ಲಪ್ಪಾ, ಬೇಜಾರು ಮಾಡ್ಕೋಬೇಡ ಅಂದ್ರು. ನನ್ನ ಹತ್ರ ಕ್ಷಮೆ ಕೇಳಿದ್ರು ಅಕ್ಕಾ. ಆಮೇಲೆ ನಂಗೆ ಬಾಯೇ ಬರ್ಲಿಲ್ಲ.”

ಎದ್ದು ಕೈ ತೊಳಿ ಎಂದೆ. ಅಂಗಡಿಗೆ ಬೀಗ ಹಾಕಿ, ಅವನನ್ನು ಮುಂದಿಟ್ಟುಕೊಂಡು ಟೀಚರಮ್ಮನ ಮನೆಗೆ ನಡೆದೆ.

ಮಗನಿಗೆ ಅವತ್ತು ರಜೆ, ಅವನೂ ಮನೆಯಲ್ಲಿದ್ದ. ಗೇಟಿನ ಒಳಗೆ ಗಾಡಿ ಹೊದಿಕೆ ಹೊದ್ದು ನಿಂತಿತ್ತು. ಕುರ್ಚಿ ತೋರಿಸಿದರೂ ನನ್ನ ತಮ್ಮ ಕೂರಲಿಲ್ಲ. ಗೋಡೆಗೆ ಒತ್ತಿ ನಿಂತು ಎಲ್ಲವನ್ನೂ ಹೇಳಿದ: ಬೆರಳಲ್ಲಿ ತಿರುಗಿಸಿದ್ದು, ಆಯ್ತು ಎಂದು ಸುಳ್ಳು ಕೂಗಿದ್ದು, ಗೇರ್‌ಬಾಕ್ಸು, ಮರೆತದ್ದು, ಗೊತ್ತಾದ ಮೇಲೂ ಮುಚ್ಚಿಟ್ಟದ್ದು. ಮಾಲೀಕರ ಮೇಲೆ ಒಂದು ಮಾತೂ ಹಾಕಲಿಲ್ಲ. ಮಗ ಕುರ್ಚಿಯಿಂದ ಎದ್ದು ಕೂಗಾಡತೊಡಗಿದ. ಪೊಲೀಸು, ಕೋರ್ಟು ಎಂದ. ಟೀಚರಮ್ಮ ಕೈಯೆತ್ತಿ ಅವನನ್ನು ಸುಮ್ಮನಿರಿಸಿದರು.

“ದೀಪ ಹತ್ತಿದ್ ಕೂಡ್ಲೇ ನಾನು ನೋಡಿದೀನಿ. ಹೌದೋ ಅಲ್ವೋ, ಅಷ್ಟು ಹೇಳು,” ಎಂದರು.

ಬೋಲ್ಟು ಬಿದ್ದ ಮೇಲೆ ಆಯಿಲ್ ಇಳಿಯಲು ಹೊತ್ತು ಹಿಡಿಯುವುದಿಲ್ಲ, ದೀಪ ಹತ್ತಿದ್ದೇ ಆಗ, ಆ ಸೇತುವೆಯ ಮೇಲೆ ಯಾರು ಓಡಿಸುತ್ತಿದ್ದರೂ ಎಂಜಿನ್ ಉಳಿಯುತ್ತಿರಲಿಲ್ಲ ಎಂದು ಇವನು ಹೇಳಿದ. ಟೀಚರಮ್ಮ ಮಗನ ಕಡೆ ತಿರುಗಿ ನೋಡಿದರು. ಮಗ ನೆಲ ನೋಡಿದ. ಆಮೇಲೆ ಅವರು ನನ್ನ ತಮ್ಮನಿಗೆ ಹೇಳಿದ್ದು ಒಂದೇ ಮಾತು.

“ಇಷ್ಟೆಲ್ಲ ಗೊತ್ತಿದ್ದೂ ನಮ್ಮನೇಲಿ ಕೂತು ಚಹಾ ಕುಡಿದ್ಯಲ್ಲೋ.”

ಅವನು ಅತ್ತ. ಅಪ್ಪ ಸತ್ತಾಗ ಬಿಟ್ಟರೆ ಅವನು ಅಳುವುದನ್ನು ನಾನು ಮತ್ತೆಂದೂ ನೋಡಿರಲಿಲ್ಲ. ಟೀಚರಮ್ಮ ಸಮಾಧಾನ ಮಾಡಲಿಲ್ಲ, ಹೊರಗೆ ಹೋಗು ಎಂದೂ ಅನ್ನಲಿಲ್ಲ.

ಮಗ ಗ್ಯಾರೇಜಿಗೆ ಹೋಗಿ ಬೀದಿಯೆಲ್ಲ ಸೇರುವಂತೆ ಜಗಳವಾಡಿದ ಮೇಲೆ ಮಾಲೀಕರು ಮೆತ್ತಗಾದರು. ಅಪಘಾತವಾಗಿ ಗ್ಯಾರೇಜಿನ ಹಿತ್ತಲಲ್ಲಿ ಬಿದ್ದಿದ್ದ ಅದೇ ಜಾತಿಯ ಕಾರಿನಿಂದ ಎಂಜಿನ್ ತೆಗೆದುಕೊಡಲು ಒಪ್ಪಿದರು. ನನ್ನ ತಮ್ಮನೇ ಅದನ್ನು ಬಿಚ್ಚಿ, ತೊಳೆದು, ಟೀಚರಮ್ಮನ ಕಾರಿಗೆ ಕೂರಿಸಿದ. ನನ್ನ ಅಂಗಡಿಯಿಂದ ಕಾಣುತ್ತಿತ್ತು: ಚೇಂಬರಿನ ಬೋಲ್ಟು ಬಿಗಿ ಮಾಡಿ ಮೇಲೆ ಬರುವುದು, ಮತ್ತೆ ಇಳಿದು ಹೋಗಿ ಮುಟ್ಟಿ ನೋಡುವುದು. ಜೊತೆಯವರು ಆಡಿಕೊಂಡು ನಗುತ್ತಿದ್ದರು.

ಗಾಡಿ ತಯಾರಾದ ದಿನ ಟೀಚರಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದರು. ತಂಗಿಗೆ ಬರುತ್ತೇನೆಂದು ಫೋನು ಮಾಡಿದ್ದರು. ತಾವೇ ಸ್ಟಿಯರಿಂಗ್ ಮುಂದೆ ಕುಳಿತು ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕರೆಯದಿದ್ದರೂ ನಾನು ಹಿಂದೆ ಹತ್ತಿದೆ. ಮಾರ್ಕೆಟ್ಟಿನ ಇಕ್ಕಟ್ಟಿನಲ್ಲೂ ಚೆನ್ನಾಗಿಯೇ ಓಡಿಸಿದರು. ನನಗೆ ಖುಷಿಯಾಗಿ, ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡೆ. ಸೇತುವೆ ಕಣ್ಣಿಗೆ ಬೀಳುತ್ತಲೇ ಗಾಡಿ ನಿಧಾನವಾಯಿತು, ಆಮೇಲೆ ಪಕ್ಕಕ್ಕೆ ಸರಿದು ನಿಂತಿತು. ಬೋಲ್ಟು ಬಿಗಿಯಾಗಿದೆ, ಬೆಳಿಗ್ಗೆಯೂ ಮುಟ್ಟಿ ನೋಡಿದ್ದೇನೆ ಎಂದು ಇವನು ಮತ್ತೆ ಮತ್ತೆ ಹೇಳಿದ. ಟೀಚರಮ್ಮ ಎಂಜಿನ್ ಆಫ್ ಮಾಡಿದರು.

“ನೀನು ಹೇಳಿದ್ದು ತಲೆಗೆ ಗೊತ್ತಾಗಿದೆ ಕಣಪ್ಪಾ,” ಎಂದರು. “ಕಾಲಿಗೆ ಗೊತ್ತಾಗ್ತಿಲ್ಲ.”

ಕೆಳಗಿಳಿದು ಸುತ್ತಿ ಬಂದು ಇವನ ಬಾಗಿಲು ತೆಗೆದು ನಿಂತರು. ಇವನು ಓಡಿಸಿದ. ಆ ಕಡೆಯ ಮನೆಯಲ್ಲಿ ತಂಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕುಳಿತಿದ್ದರು. ಅಕ್ಕ ಬೇರೆ ಬಾಗಿಲಿನಿಂದ ಇಳಿದದ್ದು ನೋಡಿ, ಯಾಕೆ ನೀನು ಓಡಿಸಲಿಲ್ಲವಾ ಎಂದು ಕೇಳಿದರು. ಡ್ರೈವರ್ ಇಟ್ಟುಕೊಂಡಿದ್ದೇನೆ ಎಂದು ಟೀಚರಮ್ಮ ನಕ್ಕರು. ನನ್ನ ತಮ್ಮ ತಂಗಿಯವರನ್ನು ಎತ್ತಿ ಸೀಟಿನಲ್ಲಿ ಕೂರಿಸುವಾಗ ಯಾರ ಮುಖವನ್ನೂ ನೋಡಲಿಲ್ಲ.

ಈಗಲೂ ವಾರಕ್ಕೊಮ್ಮೆ, ತನ್ನ ರಜೆಯ ದಿನ, ಅವನೇ ಓಡಿಸಿಕೊಂಡು ಹೋಗುತ್ತಾನೆ. ಸೇತುವೆ ಬರುವ ಮೊದಲು ಗಾಡಿ ನಿಲ್ಲಿಸುತ್ತಾನೆ. ಇಳಿದು, ಸ್ಟಿಯರಿಂಗಿನ ಕಡೆಯ ಬಾಗಿಲು ತೆರೆದಿಟ್ಟು, ಟೀಚರಮ್ಮನ ಕಡೆ ನೋಡುತ್ತಾ ರಸ್ತೆಯಲ್ಲಿ ನಿಲ್ಲುತ್ತಾನೆ. ಹಿಂದಿನ ಗಾಡಿಗಳವರು ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ. ಟೀಚರಮ್ಮ ಬೇಡವೆಂದು ತಲೆಯಾಡಿಸುವ ತನಕ ಅವನು ಒಳಗೆ ಬಂದು ಕೂರುವುದಿಲ್ಲ.