ಮ್ಯಾಕ್ ಸಾಹೇಬರ ಊರಿನ ಬೀಗದ ಕೈ

ಇಂಗ್ಲಿಷನ್ನು ನಾನು ಕಿವಿಯಿಂದಲ್ಲ, ಕಣ್ಣಿನಿಂದ ಕಲಿತವನು. ತೊಂಬತ್ತರ ದಶಕದಲ್ಲಿ ದೋಹಾದ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದಾಗ ಈ ವಿದ್ಯೆಯೇ ನನ್ನ ಮಾನ ಕಳೆಯಿತು.

ಮ್ಯಾನೇಜರ್ ಮ್ಯಾಕ್ ಸಾಹೇಬರು ಸ್ಕಾಟ್ಲೆಂಡಿನ ಒಂದು ಪುಟ್ಟ ಬಂದರಿನವರು. ಭೂಪಟದ ಮೇಲೆ ನೊಣ ಕೂತರೆ ಮುಚ್ಚಿಹೋಗುವಷ್ಟು ಊರು. ಅದರ ಇತಿಹಾಸವನ್ನು ಮಾತ್ರ ರೋಮ್ ಸಾಮ್ರಾಜ್ಯದ್ದೆಂಬ ಠೀವಿಯಲ್ಲಿ ಬರೆಯುತ್ತಿದ್ದರು. ಬರೆಯುವುದೆಂದರೆ ಕ್ಯಾಸೆಟ್ಟಿಗೆ ಹೇಳುವುದು. ಕೇಳಿ ಟೈಪ್ ಮಾಡುವ ಕರ್ಮ ನನ್ನದು. ದೊರೆ ಬಂದ, ಹಡಗು ಬಂತು, ಚರ್ಚು ಎದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ ಒಂದು 'ಕೀ'. ಬಿರುಗಾಳಿಗೆ ಕೀ ಮುರಿಯಿತು, ದೊರೆ ಕಲ್ಲು ತರಿಸಿ ಕೀ ಕಟ್ಟಿಸಿದ, ಜನ ಕೀ ಮೇಲೆ ನಿಂತು ಅತ್ತರು. ಅಬ್ಬಬ್ಬಾ, ಎಂಥಾ ಬೀಗದ ಕೈ! ಬಿಳಿಯರದ್ದೆಲ್ಲ ದೊಡ್ಡದೇ ಎಂದು ನಂಬಿದ್ದ ನಾನು ಅರವತ್ತು ಪುಟ ಅದನ್ನೇ ಕುಟ್ಟಿದೆ.

ಅದು ಬೀಗದ ಕೈಯಲ್ಲ, ಹಡಗುಕಟ್ಟೆ. ಇಂಗ್ಲಿಷಿನಲ್ಲಿ quay ಎಂದು ಬರೆದು 'ಕೀ' ಎಂದೇ ಉಚ್ಚರಿಸುವ ಆ ಪದವನ್ನು ಜೀವಮಾನವಿಡೀ 'ಕ್ವೇ' ಎಂದು ಓದಿಕೊಂಡವನು ನಾನು. ಪುಟ ತಿರುವಿದ ಸಾಹೇಬರು ಆಫೀಸಿಗೆಲ್ಲ ಕೇಳುವಂತೆ ನಕ್ಕು, "ಹುಟ್ಟಿದ ಮೇಲೆ ಒಂದಾದರೂ ಬಂದರು ನೋಡಿದ್ದೀಯಾ?" ಎಂದರು.

ಇಲ್ಲಿ ನನ್ನ ಕಳ್ಳತನವೊಂದನ್ನು ಒಪ್ಪಿಕೊಳ್ಳಬೇಕು. ನಾನು ಮಲ್ಪೆಯವನು. ಅಲ್ಲಿನ ದಕ್ಕೆಯಲ್ಲಿ, ಅಂದರೆ ಅದೇ ಹಾಳು ಕಟ್ಟೆಯಲ್ಲಿ, ಅಮ್ಮ ಬುಟ್ಟಿ ಇಟ್ಟುಕೊಂಡು ಮೀನು ಮಾರಿ ನನಗೆ ಟೈಪಿಂಗ್ ಕಲಿಸಿದಳು. ಆಫೀಸಿನಲ್ಲಿ ಮಾತ್ರ 'ತಂದೆ ಹೆಡ್ಮಾಸ್ಟರು' ಎಂದು ಬುರುಡೆ ಬಿಟ್ಟಿದ್ದೆ. ಈಗ ಬಾಯಿ ಬಿಟ್ಟರೆ ಐದು ವರ್ಷದ ದೊಡ್ಡಸ್ತಿಕೆ ಖಲಾಸ್; ಬಿಡದಿದ್ದರೆ ಅಮ್ಮನೇ ಇರಲಿಲ್ಲ ಎಂದಂತೆ. ಸಿಟ್ಟು ಬಂತು, ಸಾಹೇಬರ ಮೇಲೋ ನನ್ನ ಮೇಲೋ ಹೇಳಲಾರೆ.

"ನೋಡಿದ್ದೇನೆ ಸರ್. ನಮ್ಮಮ್ಮ ಅಲ್ಲೇ ಕೂತು ಮೀನು ಕೊಯ್ಯೋದು."

ಪಕ್ಕದ ಮೇಜಿನ ಉಳ್ಳಾಲದ ಹಮೀದ್ ತಲೆಯೆತ್ತಿದ. "ಎಂತ ಮಾರಾಯ, ಹಾಗಾದ್ರೆ ಹೆಡ್ಮಾಸ್ಟ್ರು?"

"ಹೆಡ್ಮಾಸ್ಟ್ರು ಮಾಫಿ," ಎಂದು ಅಲ್ಲಿನ ಅರಬಿಯಲ್ಲೇ 'ಇಲ್ಲ' ಎಂದೆ.

ಸಾಹೇಬರ ನಗು ಆರಿತ್ತು. ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಅವರಜ್ಜಿಯೂ ಆ ಕಟ್ಟೆಯ ಮೇಲೆ ನಿಂತು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ನಮ್ಮ ಬೂತಾಯಿಯ ದಾಯಾದಿಯಂಥ ಹೆರಿಂಗ್ ಮೀನು ಸೀಳುತ್ತಿದ್ದಳಂತೆ.

"ಅವರು ಯಾವ ಪುಟದಲ್ಲಿದ್ದಾರೆ ಸರ್?" ಎಂದೆ.

ಅರವತ್ತು ಪುಟದಲ್ಲಿ ಕಂಡಕಂಡ ದೊರೆಗಳಿಗೆಲ್ಲ ಜಾಗ ಸಿಕ್ಕಿತ್ತು.

ಮರುದಿನ ಹೊಸ ಕ್ಯಾಸೆಟ್ ಬಂತು, ಬರೀ ಅಜ್ಜಿಯದ್ದು. ಈ ಸಲ ಕಾಗುಣಿತ ತಪ್ಪಲಿಲ್ಲ. ಮಧ್ಯಾಹ್ನ, ಇಷ್ಟು ವರ್ಷ ಮುಚ್ಚಳ ಅರ್ಧ ಸರಿಸಿ ಕದ್ದು ತಿನ್ನುತ್ತಿದ್ದ ಬಂಗುಡೆ ಮೀನಿನ ಗಸಿಯ ಡಬ್ಬಿಯನ್ನು ಪೂರ್ತಿ ತೆರೆದಿಟ್ಟೆ. ವಾಸನೆ ಕ್ಯಾಬಿನ್ನಿನವರೆಗೂ ಹೋಗಿರಬೇಕು. ಇತಿಹಾಸಕಾರರು ತಟ್ಟೆ ಹಿಡಿದುಕೊಂಡು ಹೊರಗೆ ಬಂದರು.