ಅರವತ್ತು ಬಲಗಾಲು

ಶಿವಮೊಗ್ಗದ ಆ ಹೊಲಿಗೆ ಘಟಕಕ್ಕೆ ಸೇರಿದ ಮೊದಲ ತಿಂಗಳು ನನ್ನ ಜೊತೆ ಯಾರೂ ನೆಟ್ಟಗೆ ಮಾತಾಡಲಿಲ್ಲ. ಶಾಲೆಗಳ ಯೂನಿಫಾರ್ಮ್ ಹೊಲಿಯುವ ಜಾಗ ಅದು. ಇಪ್ಪತ್ತು ಮಿಷನ್ನು, ಒಂದು ಕಟಿಂಗ್ ಟೇಬಲ್. ಭದ್ರಾವತಿಯ ಮನೆಯಲ್ಲಿ ರವಿಕೆ ಹೊಲಿದುಕೊಂಡಿದ್ದ ನನ್ನನ್ನು ಸೇರಿದ ದಿನವೇ ಮಾಲೀಕರು ಕಟಿಂಗ್ ಟೇಬಲ್ಲಿಗೆ ನಿಲ್ಲಿಸಿದ್ದರು. ವರ್ಷಗಟ್ಟಲೆ ಮಿಷನ್ ತುಳಿದವರಿಗೆ ಅದು ಹೇಗೆ ಸರಿಬಂದೀತು? ನನಗೂ ಬಾಯಿ ಸ್ವಲ್ಪ ಜಾಸ್ತಿ, ಜಂಭವೂ ಇತ್ತು. ನೀವು ಮಾತಾಡದಿದ್ದರೆ ನನಗೇನು ನಷ್ಟ ಎಂದುಕೊಂಡು ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಸಂಜೆ ಬಸ್ಸಿಳಿದು ಬೀಗ ತೆಗೆದರೆ ಮನೆಯಲ್ಲಿ ಮಾತಾಡುವುದು ಟಿ.ವಿ. ಒಂದೇ. ಹಗಲಾದರೂ ಯಾರಾದರೂ ‘ಊಟ ಆಯ್ತಾ’ ಅಂತ ಕೇಳಲಿ ಎಂದೇ ನಾನು ಕೆಲಸಕ್ಕೆ ಸೇರಿದ್ದು. ಸಂಬಳಕ್ಕಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಬರೀ ಸಂಬಳಕ್ಕೂ ಅಲ್ಲ.

ತಿಂಗಳ ಕೊನೆಗೆ ದೊಡ್ಡ ಎಡವಟ್ಟು ಮಾಡಿದೆ. ಹೈಸ್ಕೂಲ್ ಹುಡುಗರ ಪ್ಯಾಂಟಿನ ನೀಲಿ ಬಟ್ಟೆಗೆ ಉಲ್ಟಾ, ಸೀದಾ ಎಂದು ಎರಡು ಬದಿ. ಸೀದಾ ಬದಿಯೇ ಹೊರಗೆ ಬರಬೇಕು. ಮನೆಯಲ್ಲಿ ನಾನು ಬಟ್ಟೆಯನ್ನು ಮಡಿಸಿ ಕತ್ತರಿಸುತ್ತಿದ್ದವಳು. ಮಡಿಸಿದರೆ ಎಡ ಬಲ ಎರಡೂ ತಾವಾಗಿಯೇ ಬರುತ್ತವೆ. ಇಲ್ಲಿ ಹಾಗಲ್ಲ, ಪದರದ ಮೇಲೆ ಪದರ, ಎಲ್ಲದರ ಸೀದಾ ಬದಿಯೂ ಮೇಲೆ ಬರುವಂತೆ ಹಾಸುತ್ತಾರೆ. ರಟ್ಟಿನ ಅಳತೆಯನ್ನು ಒಮ್ಮೆ ಇಟ್ಟು ಗೆರೆ ಎಳೆದು, ಇನ್ನೊಂದು ಕಾಲಿಗೆ ಅದನ್ನೇ ಮಗುಚಿ ಇಡಬೇಕು. ನಾನು ಮಗುಚುವುದನ್ನು ಮರೆತೆ. ಅರವತ್ತು ಬಲಗಾಲು ಬಂದವು, ಎಡಗಾಲು ಒಂದೂ ಇಲ್ಲ.

ಅದು ಮೊದಲು ಗೊತ್ತಾದದ್ದು ಆಪಾಗೆ. ಆಲ್ಕೊಳದಿಂದ ಬರುತ್ತಿದ್ದ ಅವರು ಅಲ್ಲಿ ಎಲ್ಲರಿಗಿಂತ ಹಿರಿಯರು. ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಹೊಲಿಯಲು ಕಟ್ಟು ಬಿಚ್ಚಿದಾಗ ಅವರಿಗೆ ಜೋಡಿ ಸಿಗಲಿಲ್ಲ. ಅವರು ಕೂಗಲಿಲ್ಲ. ಕಟ್ಟನ್ನು ಮಿಷನ್ ಕೆಳಗೆ ಸರಿಸಿ, ಊಟದ ಬೆಲ್ ಆಗುವವರೆಗೆ ಬೇರೆ ಕೆಲಸ ಮಾಡಿ, ಎಲ್ಲರೂ ಕೆಳಗಿಳಿದ ಮೇಲೆ ತಂದು ನನ್ನ ಮುಂದಿಟ್ಟರು.

“ಇದ್ರಲ್ಲಿ ಎಡಗಾಲು ಎಲ್ಲಿದೆ, ಸ್ವಲ್ಪ ನೋಡಮ್ಮ.”

ನೋಡಿದೆ. ಇವತ್ತಿಗೆ ಕೆಲಸ ಹೋಯಿತು ಎಂದು ಅಲ್ಲೇ ಅಳಲು ಶುರುಮಾಡಿದೆ.

“ಅಳೋದು ಆಮೇಲೆ ಮಾರಾಯ್ತಿ. ಎರಡನೇ ಕ್ಲಾಸ್ ಮಕ್ಕಳ ಚಡ್ಡಿ ಅಳತೆ ತಗೊಂಬಾ. ದೊಡ್ಡ ಕಾಲಲ್ಲಿ ಚಿಕ್ಕ ಕಾಲು ಎಡ ಬಲ ಎರಡೂ ಸಿಗ್ತವೆ.”

ಊಟ ಬಿಟ್ಟು ಇಬ್ಬರೂ ಸೀಮೆಸುಣ್ಣ ಹಿಡಿದೆವು. ಅಳತೆ ಮಗುಚಿದಾಗಲೆಲ್ಲ ಅವರು ನನ್ನ ಮುಖ ನೋಡಿ ನಗುತ್ತಿದ್ದರು.

“ಸಂಜೆ ಮಾಲೀಕ್ರಿಗೆ ನೀನೇ ಹೋಗಿ ಹೇಳು. ಸರಿ ಮಾಡಿ ಆಮೇಲೆ ಹೇಳಿದ್ರೆ ಬೈಗುಳ ಅರ್ಧಕ್ಕಿಳಿಯುತ್ತೆ” ಎಂದರು.

ಬೈಗುಳವೇನೂ ಅಷ್ಟು ಇಳಿಯಲಿಲ್ಲ, ಆದರೆ ಕೆಲಸ ಉಳಿಯಿತು. ಮರುದಿನ ಊಟಕ್ಕೆ ಆಪಾ ಸ್ವಲ್ಪ ಸರಿದು ಪಕ್ಕದಲ್ಲಿ ನನಗೆ ಜಾಗ ಮಾಡಿದರು. ಅವರು ಕರೆದ ಮೇಲೆ ಉಳಿದವರೂ ಕರೆದರು. ವಾರದೊಳಗೆ ಎಲ್ಲರ ಬಾಯಲ್ಲೂ ನಾನು ‘ಅಕ್ಕ’ ಆದೆ.

ಎರಡು ವರ್ಷದ ನಂತರ ನನ್ನನ್ನು ಸೂಪರ್‌ವೈಸರ್ ಮಾಡಿದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಹಾಗೇ ಒಗೆದೆ. ಶಾಲೆ ತೆರೆಯುವ ದಿನ ಹತ್ತಿರ ಬಂದಿತ್ತು, ಫೋನ್ ಮೇಲೆ ಫೋನ್ ಬರುತ್ತಿತ್ತು. ಆಪಾ ಹೊಲಿದ ಕಟ್ಟು ನೋಡಿದರೆ ನಾಲ್ಕು ಪ್ಯಾಂಟಿನಲ್ಲಿ ಒಂದು ಕಾಲು ಸೀದಾ, ಒಂದು ಕಾಲು ಉಲ್ಟಾ. ಅವರ ಮಿಷನ್ ನನ್ನಿಂದ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಾನು ಹೋಗಲಿಲ್ಲ. ನಿಂತಲ್ಲೇ ಪ್ಯಾಂಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

“ಆಪಾ, ಇಷ್ಟು ವರ್ಷ ಹೊಲ್ದಿದ್ದೀರ, ಉಲ್ಟಾ ಸೀದಾ ಗೊತ್ತಾಗಲ್ವಾ ನಿಮಗೆ?”

ಮಿಷನ್‌ಗಳು ಒಂದೊಂದಾಗಿ ನಿಂತವು. ಆಪಾ ಎದ್ದು ಬಂದು ನಾಲ್ಕೂ ಪ್ಯಾಂಟು ಇಸಿದುಕೊಂಡು ಹೋದರು. ಕಿಟಕಿ ಪಕ್ಕ ಕೂತು ಹೊಲಿಗೆ ಬಿಚ್ಚಿದರು, ಸಂಜೆಯೊಳಗೆ ಮತ್ತೆ ಹೊಲಿದು ಕೊಟ್ಟರು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ‘ಮೇಡಂ’ ಎನ್ನತೊಡಗಿದರು, ಅಷ್ಟೇ. ನಾನು ಡಬ್ಬಿ ಹಿಡಿದು ಹೋದರೆ ಗೌರವದಿಂದ ಎದ್ದು ಜಾಗ ಕೊಡುತ್ತಿದ್ದರು, ಆಮೇಲೆ ಮಾತು ನಿಲ್ಲುತ್ತಿತ್ತು. ಮೆಟ್ಟಿಲ ಮೇಲೆ ಕೂತಾಗಲೂ ನನಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ಬೇರೆಯವರನ್ನು ಬೈದುಕೊಳ್ಳಬಹುದಿತ್ತು.

ಮೂರನೇ ವಾರ ಒಂದು ಸಂಜೆ ಭದ್ರಾವತಿ ಬಸ್ ಬಿಟ್ಟು ಆಲ್ಕೊಳದ ಸಿಟಿ ಬಸ್ ಹತ್ತಿದೆ. ಕ್ಷಮೆ ಕೇಳಬೇಕು, ಅವರನ್ನು ಮತ್ತೆ ಕರೆತರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲು ತೆಗೆದ ಆಪಾ ನನ್ನನ್ನೇ ನೋಡುತ್ತ “ಯಾರು?” ಎಂದರು. ಇನ್ನೂ ಸಿಟ್ಟಿದೆ ಎಂದುಕೊಂಡೆ.

“ನಾನು ಆಪಾ.”

“ಅಯ್ಯೋ ನೀನಾ, ಬಾ ಬಾ” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಚಹಾ ಬಗ್ಗಿಸುವಾಗ ಲೋಟ ತುಂಬಿ ತಟ್ಟೆಗೆ ಹರಿದರೂ ಕೈ ನಿಲ್ಲಲಿಲ್ಲ. ಆಗ ನನಗೆ ಅರ್ಥವಾಯಿತು.

“ಎಷ್ಟು ದಿನದಿಂದ?” ಎಂದೆ.

“ಆರು ತಿಂಗಳಾಯ್ತು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ, ಹೋದ ದೃಷ್ಟಿ ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ನೀಲಿ ಬಟ್ಟೆ ಅಂತೂ ಎರಡೂ ಕಡೆ ಒಂದೇ ಥರ ಕಾಣುತ್ತೆ. ಮಕ್ಕಳಿಗೆ ಹೇಳಿದ್ರೆ ಕೆಲಸ ಬಿಡಿಸ್ತಾರೆ ಅಂತ ಮನೇಲೂ ಹೇಳಿರ್ಲಿಲ್ಲ.” ಸೆರಗಿನಿಂದ ತಟ್ಟೆ ಒರೆಸಿದರು. “ಅವತ್ತು ನನ್ನನ್ನ ಪಕ್ಕಕ್ಕೆ ಕರೆದು ಕೇಳಿದ್ದಿದ್ರೆ, ನಿನಗೊಬ್ಬಳಿಗೆ ಹೇಳ್ತಿದ್ದೆ.”

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕ್ಷಮೆ ಕೇಳಲು ಹೋದವಳು ಚಹಾ ಕುಡಿದು, ಲೋಟ ತೊಳೆದಿಟ್ಟು, ಕೇಳದೆಯೇ ಎದ್ದು ಬಂದೆ.